ಖಾಲಿ ಪೆಟ್ಟಿಗೆಗಳ ಬ್ಯಾಂಡ್: ದಾವಣಗೆರೆಯಿಂದ ಹಿರಿಯೂರಿಗೆ ಹೋಗಿಬರುವ ಲೆಕ್ಕ

(ದಾವಣಗೆರೆಯಲ್ಲಿ ಹೊಸದಾಗಿ ಬ್ಯಾಂಡ್ ಕಟ್ಟುತ್ತಿರುವ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ರಾಕ್ ಬ್ಯಾಂಡ್ ಇದೆ ಅಂತ ಇಟ್ಟುಕೊಳ್ಳೋಣ. ಐದು ಜನ ಸ್ನೇಹಿತರು, ಎಲ್ಲರೂ ಈ ಊರಿನವರೇ. ಇಬ್ಬರು ಗಿಟಾರ್ ನುಡಿಸುತ್ತಾರೆ, ಒಬ್ಬರು ಬೇಸ್, ಒಬ್ಬರು ಡ್ರಮ್ಸ್, ಕೀಬೋರ್ಡಿನವರೇ ಹಾಡುತ್ತಾರೆ. ಸೌಂಡ್ ನೋಡಿಕೊಳ್ಳಲು ಆರನೆಯವರೊಬ್ಬರು. ಗಾಡಿಯ ಡ್ರೈವರ್ ಸೇರಿದರೆ ಏಳು ಜನ. ಬ್ಯಾಂಡಿನ ಹೆಸರು ‘ಮಂಡಕ್ಕಿ ಮಿರ್ಚಿ’.

ಇದು ಈ ಮಾತಿಗಾಗಿ ಹುಟ್ಟಿಸಿದ ಬ್ಯಾಂಡ್. ಆದರೆ ಅದು ಹೋಗುವ ದಾರಿ ಹುಟ್ಟಿಸಿದ್ದಲ್ಲ. ಮೊದಲ ದಿನ ದಾವಣಗೆರೆಯಿಂದ ಚಿತ್ರದುರ್ಗ, ಸುಮಾರು 60 ಕಿ.ಮೀ. ಎರಡನೆಯ ದಿನ ಹಿರಿಯೂರು, ಇನ್ನೊಂದು 40. ಅಲ್ಲಿಂದ ವಾಣಿವಿಲಾಸ ಸಾಗರದ ಕಡೆಗೆ 20 ಹೋಗಿ, 20 ಬಂದು, ಮೂರನೆಯ ದಿನ 100 ಕಿ.ಮೀ. ವಾಪಸ್. ಒಟ್ಟು 240 ಕಿ.ಮೀ. ಆಸುಪಾಸು. ಗಾಡಿ ಲೀಟರಿಗೆ 10 ಕಿ.ಮೀ. ಕೊಡುತ್ತದೆ ಎಂದರೆ 24 ಲೀಟರ್ ಡೀಸೆಲ್. ಊರೊಳಗಿನ ಓಡಾಟಕ್ಕೆ, ನಿಂತಲ್ಲೇ ಎಸಿ ಹಾಕಿಕೊಳ್ಳುವುದಕ್ಕೆ ಸೇರಿಸಿ 30 ಎಂದು ಬರೆದುಕೊಳ್ಳಿ.

ನಾವು ಹೇಳುವುದು ಇಷ್ಟು: ಹೊಸ ಬ್ಯಾಂಡಿನ ಮೊದಲ ಪ್ರವಾಸ ವಾದ್ಯಗಳಿಲ್ಲದೆ ಆಗಬೇಕು. ಕಾರ್ಯಕ್ರಮ ಇಲ್ಲ, ಪ್ರೇಕ್ಷಕರಿಲ್ಲ. ಪ್ರತಿ ವಾದ್ಯದ ಅಳತೆಗೆ ಒಂದೊಂದು ರಟ್ಟಿನ ಪೆಟ್ಟಿಗೆ, ಒಂದು ಮಲ್ಟಿಮೀಟರ್, 30 ಮೀಟರಿನ ಟೇಪು, ಒಂದು ನೋಟ್‌ಬುಕ್. ಇಷ್ಟನ್ನು ತೆಗೆದುಕೊಂಡು ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಮೈದಾನಗಳಿಗೆ ಬ್ಯಾಂಡಿನವರಂತೆಯೇ ಹೋಗಿಬನ್ನಿ. ಆಟದ ಬ್ಯಾಂಡ್, ನಿಜದ ಅಳತೆ. ಆ ಮೂರು ದಿನದಲ್ಲಿ ಗೊತ್ತಾಗುವುದು ಅಭ್ಯಾಸದ ಕೋಣೆಯಲ್ಲಿ ಆರು ತಿಂಗಳು ಕೂತರೂ ಗೊತ್ತಾಗುವುದಿಲ್ಲ.

ಈ ಊರಿಗೆ ಇದು ಹೊಸ ವಿಚಾರವೇನಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದ್ದ ಊರು ಇದು. ಕಂಪನಿ ನಾಟಕದವರು ಮುಂದಿನ ಕ್ಯಾಂಪಿನ ಊರಿಗೆ ಮೊದಲೇ ಒಬ್ಬರನ್ನು ಕಳಿಸಿ ಜಾಗ, ನೀರು, ಪರವಾನಗಿ ಗೊತ್ತುಮಾಡಿಕೊಂಡ ಮೇಲೇ ಪರದೆ, ಪೆಟ್ಟಿಗೆ ಸಾಗಿಸುತ್ತಿದ್ದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಶುರುವಾದ ಶಿವಸಂಚಾರ ಪ್ರತಿ ವರ್ಷ ಮೂರು ನಾಟಕಗಳನ್ನು ಹೊತ್ತು ನಾಡು ಸುತ್ತುತ್ತದೆ. ಒಂದು ಊರಲ್ಲಿ ಬಿಚ್ಚಿ, ಇನ್ನೊಂದು ಊರಲ್ಲಿ ಕಟ್ಟಿ, ಸಂಜೆ ಹೊತ್ತಿಗೆ ರಂಗ ಸಿದ್ಧ ಮಾಡುವ ಕಲೆ ನೋಡಬೇಕೆಂದರೆ ಅವರ ಲಾರಿ ಖಾಲಿಯಾಗುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ. ರಾಕ್ ಬ್ಯಾಂಡಿಗೂ ಅದೇ ಪಾಠ.

ಆಟದ ಬ್ಯಾಂಡ್ ಅಂದಾಕ್ಷಣ ಹುಡುಗಾಟ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ‘ಮಂಕೀಸ್’ ತಂಡವನ್ನು ಟಿವಿ ಧಾರಾವಾಹಿಗಾಗಿಯೇ ಜನರನ್ನು ಆರಿಸಿ ಕಟ್ಟಿದರು. ಧಾರಾವಾಹಿ ಶುರುವಾದದ್ದು 1966ರಲ್ಲಿ. ಮೊದಲ ಧ್ವನಿಮುದ್ರಣಗಳಲ್ಲಿ ವಾದ್ಯ ನುಡಿಸಿದವರು ಹೆಚ್ಚಾಗಿ ಸ್ಟುಡಿಯೊ ಕಲಾವಿದರು. ಆಮೇಲೆ ಆ ನಾಲ್ವರೇ ವೇದಿಕೆ ಹತ್ತಿ ನುಡಿಸಿದರು. 1998ರಲ್ಲಿ ಡೇಮನ್ ಆಲ್ಬರ್ನ್ ಮತ್ತು ಜೇಮೀ ಹ್ಯೂಲೆಟ್ ಹುಟ್ಟಿಸಿದ ‘ಗೊರಿಲ್ಲಾಸ್’ ಬ್ಯಾಂಡಿನ ಸದಸ್ಯರು ವ್ಯಂಗ್ಯಚಿತ್ರದ ಪಾತ್ರಗಳು; ಮೊದಮೊದಲ ಕಾರ್ಯಕ್ರಮಗಳಲ್ಲಿ ನಿಜವಾದ ವಾದಕರು ಪರದೆಯ ಹಿಂದೆ ನಿಂತು ನುಡಿಸುತ್ತಿದ್ದರು. ಫಿನ್‌ಲೆಂಡಿನ ಔಲು ಪಟ್ಟಣದಲ್ಲಿ 1996ರಿಂದ ಗಾಳಿ ಗಿಟಾರಿನ ವಿಶ್ವ ಸ್ಪರ್ಧೆ ನಡೆಯುತ್ತಿದೆ. ಕೈಯಲ್ಲಿ ವಾದ್ಯವಿಲ್ಲ, ಒಬ್ಬೊಬ್ಬರಿಗೆ 60 ಸೆಕೆಂಡ್. ಕಲ್ಪನೆ ಇರುವ ಕಡೆಯೂ ಶಿಸ್ತು ಬೇಕೇ ಬೇಕು.

ಇನ್ನು ಗಾಡಿ. ಎಲ್ಲರೂ ಮೊದಲು ಕೇಳುವುದು ಏಳು ಸೀಟಿನ ಕಾರು ಸಾಕಲ್ಲವೇ ಎಂದು. ತೂಕ ಹಾಕಿ ನೋಡೋಣ. ಏಳು ಜನ, ತಲಾ 65 ಕೆ.ಜಿ. ಅಂದರೆ 455. ಹಾರ್ಡ್ ಕೇಸಿನ ಸಮೇತ ಎರಡು ಗಿಟಾರ್ 15, ಬೇಸ್ 9. ಎರಡು ಚಿಕ್ಕ ಗಿಟಾರ್ ಆಂಪ್ (ವಾದ್ಯದ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) 30, ಬೇಸ್ ಆಂಪ್ 20. ಕೀಬೋರ್ಡ್ ಮತ್ತು ಅದರ ಸ್ಟ್ಯಾಂಡ್ 12. ಡ್ರಮ್ ಕಿಟ್ಟಿನ ಮರದ ಚಿಪ್ಪುಗಳು 25, ಸ್ಟ್ಯಾಂಡು, ಪೆಡಲ್, ಕಬ್ಬಿಣದ ಸಾಮಾನು 20, ಸಿಂಬಲ್ 8. ಗಿಟಾರಿನ ನಾದ ಬದಲಿಸುವ ಪೆಡಲ್‌ಗಳನ್ನು ಜೋಡಿಸಿದ ಎರಡು ಪೆಡಲ್ ಬೋರ್ಡ್ 12. ಕೇಬಲ್ ಪೆಟ್ಟಿಗೆ 15, ಮೈಕು ಮತ್ತು ಸ್ಟ್ಯಾಂಡ್ 12, ಸ್ಟ್ಯಾಂಡ್ ಸಮೇತ ಎರಡು ಆ್ಯಕ್ಟಿವ್ ಸ್ಪೀಕರ್ 43, ಮಿಕ್ಸರ್ 6, ಟೂಲ್ ಬಾಕ್ಸ್ 5. ವಾದ್ಯದ ಸಾಮಾನೇ 232 ಕೆ.ಜಿ. ಬಟ್ಟೆಯ ಬ್ಯಾಗು, 20 ಲೀಟರಿನ ನೀರಿನ ಕ್ಯಾನು ಸೇರಿದರೆ 295. ಜನರೂ ಸೇರಿ 750 ಕೆ.ಜಿ. ಕುಟುಂಬಕ್ಕೆಂದು ಮಾಡಿದ ಏಳು ಸೀಟಿನ ಕಾರು ಇಷ್ಟು ಹೊರುವಂತೆ ತಯಾರಾದದ್ದಲ್ಲ. ಮೇಲಿನ ಕ್ಯಾರಿಯರಿಗೆ ಆಂಪು, ಸ್ಪೀಕರು ಹೇರಿದರೆ ಭಾರ ಮೇಲಕ್ಕೆ ಹೋಗಿ ಗಾಡಿ ತಿರುವಿನಲ್ಲಿ ವಾಲುತ್ತದೆ, ಬ್ರೇಕ್ ಹಿಡಿದ ಮೇಲೆ ದೂರ ಹೋಗಿ ನಿಲ್ಲುತ್ತದೆ. 12 ಸೀಟಿನ ಟೆಂಪೊ ಟ್ರಾವೆಲರ್ ಡ್ರೈವರ್ ಸೇರಿ 13 ಜನರನ್ನು ಹೊರುವ ಗಾಡಿ. 13 ಜನ ಅಂದರೆ 845 ಕೆ.ಜಿ. ನಮ್ಮ 750 ಅದರೊಳಗೆ ಕೂರುತ್ತದೆ. ಬಾಡಿಗೆಗೆ ತರುವುದು ಹಳದಿ ಬೋರ್ಡಿನ ಗಾಡಿಯೇ ಆಗಿರಲಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ.

ತುಂಬುವ ಕ್ರಮದಲ್ಲಿ ಎರಡು ನಿಯಮ ಇವೆ, ಎರಡೂ ಒಮ್ಮೊಮ್ಮೆ ಜಗಳವಾಡುತ್ತವೆ. ಭಾರದ್ದು ಕೆಳಗೆ, ಹಿಂದಿನ ಗಾಲಿಯ ಅಚ್ಚಿಗಿಂತ ಮುಂದೆ ಇರಬೇಕು ಎಂಬುದು ಒಂದು. ವೇದಿಕೆಯ ಮೇಲೆ ಮೊದಲು ಬೇಕಾದದ್ದನ್ನು ಕೊನೆಗೆ ತುಂಬಬೇಕು ಎಂಬುದು ಇನ್ನೊಂದು. ವೇದಿಕೆಯಲ್ಲಿ ಮೊದಲು ಹಾಸುವುದು ಡ್ರಮ್ಮಿನ ಜಮಖಾನ. ಅದಿಲ್ಲದಿದ್ದರೆ 22 ಇಂಚಿನ ಕಿಕ್ ಡ್ರಮ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಪ್ರತಿ ಹೊಡೆತಕ್ಕೂ ಮುಂದಕ್ಕೆ ಜಾರುತ್ತದೆ. ಆದ್ದರಿಂದ ಜಮಖಾನ ಗಾಡಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಸೀಟಿನ ಬೆನ್ನಿಗೆ ಒತ್ತಿ ಆಂಪು, ಸ್ಪೀಕರು, ಆಮೇಲೆ ಕಬ್ಬಿಣದ ಸಾಮಾನಿನ ಚೀಲ, ಅದರ ಮೇಲೆ ಡ್ರಮ್ ಚಿಪ್ಪುಗಳು, ಪಕ್ಕಕ್ಕೆ ನಿಲ್ಲಿಸಿದ ಗಿಟಾರ್ ಕೇಸ್, ಕೇಬಲ್ ಪೆಟ್ಟಿಗೆ, ಬಾಗಿಲ ಬಳಿ ಜಮಖಾನ. ಆಂಪಿನ ಜಾಲರಿಯ ಮುಖ ಇನ್ನೊಂದು ಆಂಪಿನ ಜಾಲರಿಗೆ ಎದುರಾಗಿರಲಿ. ಮೂಲೆ ತಗುಲಿ ಸ್ಪೀಕರಿನ ಕಾಗದ ಹರಿಯುವುದು ತಪ್ಪುತ್ತದೆ. ವಾಲ್ವ್ ಆಂಪ್ (ಒಳಗೆ ಗಾಜಿನ ಬುರುಡೆಗಳಿರುವ ಹಳೆಯ ಮಾದರಿ) ಇದ್ದರೆ ಕಾರ್ಯಕ್ರಮ ಮುಗಿದೊಡನೆ ಎತ್ತಬೇಡಿ. ಬಿಸಿ ವಾಲ್ವಿನೊಳಗಿನ ತಂತಿ ಕುಲುಕಿದರೆ ಬೇಗ ಹಾಳಾಗುತ್ತದೆ. ಹದಿನೈದಿಪ್ಪತ್ತು ನಿಮಿಷ ಆರಲಿ. ಹೊಸಬರಿಗೆ ನಮ್ಮ ಸಲಹೆ, ಪ್ರವಾಸಕ್ಕೆ ಟ್ರಾನ್ಸಿಸ್ಟರ್ ಆಂಪೇ ಒಳ್ಳೆಯದು.

ಸಿಂಬಲ್ ಹಾಳಾಗುವುದು ಹೊಡೆತದಿಂದ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ನಡುವಿನ ತೂತಿನಲ್ಲಿ ಇರಬೇಕಾದ ಪ್ಲಾಸ್ಟಿಕ್ ನಳಿಕೆ, ಫೆಲ್ಟು ಪ್ರಯಾಣದಲ್ಲಿ ಕಳೆದುಹೋಗುತ್ತವೆ. ಆಮೇಲೆ ಸಿಂಬಲ್ಲಿನ ಲೋಹ ಕಬ್ಬಿಣದ ಕಡ್ಡಿಗೆ ನೇರವಾಗಿ ಉಜ್ಜಿ ತೂತು ಕೀಲಿಕಂಡಿಯ ಆಕಾರಕ್ಕೆ ಬರುತ್ತದೆ, ಬಿರುಕು ಅಲ್ಲಿಂದ ಹೊರಡುತ್ತದೆ. ನಾಲ್ಕು ನಳಿಕೆ, ನಾಲ್ಕು ಫೆಲ್ಟು, ಎರಡು ವಿಂಗ್ ನಟ್, ಎರಡು ಡ್ರಮ್ ಕೀ ಒಂದು ಡಬ್ಬಿಯಲ್ಲಿ ಹೆಚ್ಚುವರಿಯಾಗಿ ಇರಲೇಬೇಕು. ಇವೆಲ್ಲ ಸೇರಿ ಒಂದು ಸಿಂಬಲ್ಲಿನ ಬೆಲೆಯ ಒಂದು ಚೂರೂ ಆಗುವುದಿಲ್ಲ.

ರಸ್ತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿ 48, ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ 4. ಆನಗೋಡು, ಭರಮಸಾಗರ, ಸಿರಿಗೆರೆ ಕ್ರಾಸ್ ದಾಟಿ ದುರ್ಗ. ಅಲ್ಲಿಂದ ಐಮಂಗಲದ ಮೇಲೆ ಹಿರಿಯೂರು. ಹೆಬ್ಬಾಳು ಟೋಲ್ ಹತ್ತಿರ ಬಂದ ಮೇಲೆ ಫಾಸ್ಟ್ಯಾಗಿನಲ್ಲಿ ಹಣ ಇದೆಯೋ ಇಲ್ಲವೋ ಎಂದು ನೋಡುವುದಲ್ಲ, ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಡ್ರೈವರಿಗೆ ಊಟ, ನಿದ್ದೆ ಬ್ಯಾಂಡಿನವರಿಗಿಂತ ಮೊದಲು. ರಾತ್ರಿ ಹನ್ನೊಂದಕ್ಕೆ ಸಾಮಾನು ತುಂಬಿ ಅದೇ ರಾತ್ರಿ ಹೊರಡುವ ಯೋಜನೆ ಹಾಕಿದ್ದರೆ ಆ ಹಾಳೆ ಹರಿದುಹಾಕಿ.

ಹೊರಡುವ ಹೊತ್ತನ್ನು ಹಿಂದಿನಿಂದ ಎಣಿಸಬೇಕು. ದುರ್ಗದಲ್ಲಿ ಸಂಜೆ 7ಕ್ಕೆ ಮೊದಲ ಹಾಡು. 6.15ಕ್ಕೆ ಸೌಂಡ್ ಚೆಕ್ ಮುಗಿದಿರಬೇಕು, ಅಂದರೆ 5ಕ್ಕೆ ಶುರು. ಕಟ್ಟುವುದಕ್ಕೆ ಒಂದೂವರೆ ಗಂಟೆ, ಇಳಿಸುವುದಕ್ಕೆ ಅರ್ಧ ಗಂಟೆ. ಹಾಗಾಗಿ 3ಕ್ಕೆ ಮೈದಾನ ತಲುಪಬೇಕು. 60 ಕಿ.ಮೀ.ಗೆ ಟ್ರಾವೆಲರಿನಲ್ಲಿ ಊರೊಳಗಿನ ಸಂದಣಿ ಸೇರಿ ಒಂದೂಕಾಲು ಗಂಟೆ, ಚಹಾಕ್ಕೆ ಕಾಲು ಗಂಟೆ. 1.30ಕ್ಕೆ ದಾವಣಗೆರೆ ಬಿಡಬೇಕು, 12.45ಕ್ಕೆ ತುಂಬಲು ಶುರು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಅದು. ಗಾಡಿಯನ್ನು ನೆರಳಿಗೆ ತಂದು ತುಂಬಿ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯೊಳಗೆ ಶಾಖ 60 ಡಿಗ್ರಿಯ ಹತ್ತಿರ ಹೋಗುತ್ತದೆ. ಗಿಟಾರಿನ ಮರ ಅಂಟಿಸಿದ ಅಂಟು ಮೆತ್ತಗಾಗಲು ಅಷ್ಟು ಸಾಕು. ಅಕೌಸ್ಟಿಕ್ ಗಿಟಾರಿನ ಬ್ರಿಡ್ಜ್ ಎದ್ದು ಬರುವುದು ಹೀಗೆ. ಊಟಕ್ಕೆ ಇಳಿದಾಗ ಗಿಟಾರ್‌ಗಳೂ ಇಳಿಯಲಿ. ಹೋಟೆಲಿನವರು ಒಂದು ಮೂಲೆ ಕೊಟ್ಟೇ ಕೊಡುತ್ತಾರೆ. ಬೆಣ್ಣೆದೋಸೆ ತಿನ್ನುವುದಾದರೆ ಹಾಡುವವರು ಕಾರ್ಯಕ್ರಮಕ್ಕೆ ಎರಡು ಗಂಟೆ ಮೊದಲೇ ತಿಂದು ಮುಗಿಸಲಿ. ಮಿರ್ಚಿ, ಖಾರಾ ಮಂಡಕ್ಕಿ ತಿಂದ ಕೈಯನ್ನು ಸೋಪು ಹಾಕಿ ತೊಳೆಯದೆ ಗಿಟಾರ್ ಮುಟ್ಟಬೇಡಿ. ದಪ್ಪ ತಂತಿಗಳ ಸುತ್ತಿನ ಸಂದಿಗೆ ಎಣ್ಣೆ, ಉಪ್ಪು ಇಳಿದರೆ ಒಂದೇ ದಿನದಲ್ಲಿ ನಾದ ಮಂಕಾಗುತ್ತದೆ.

ಈಗ ಕರೆಂಟು. ಈ ಮಾತಿನಲ್ಲಿ ಇದಕ್ಕೇ ಹೆಚ್ಚು ಹೊತ್ತು ಕೊಡುತ್ತೇವೆ, ಏಕೆಂದರೆ ತಂತಿ ಹರಿದರೆ ಹಾಡು ನಿಲ್ಲುತ್ತದೆ, ಅರ್ಥಿಂಗ್ ತಪ್ಪಿದರೆ ಜೀವ ಹೋಗುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದಿ ಕ್ರೋಸ್’ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ಮೈಕ್ ಮುಟ್ಟಿದಾಗ ಶಾಕ್ ಹೊಡೆದು ತೀರಿಕೊಂಡರು.

ಹೀಗೆ ಆಗುವುದು ಯಾಕೆಂದರೆ, ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪಿನ ಅರ್ಥಿಗೆ ಸೇರಿರುತ್ತವೆ. ಮೈಕಿನ ಲೋಹದ ತಲೆ ಮಿಕ್ಸರಿನ ಅರ್ಥಿಗೆ ಸೇರಿರುತ್ತದೆ. ಆಂಪು ಒಂದು ಕಡೆಯ ಪ್ಲಗ್ ಪಾಯಿಂಟಿನಿಂದ, ಮಿಕ್ಸರ್ ಇನ್ನೊಂದು ಕಡೆಯಿಂದ ಕರೆಂಟು ತೆಗೆದುಕೊಂಡು, ಒಂದರ ಅರ್ಥ್ ಕೆಟ್ಟಿದ್ದರೆ, ಆ ಎರಡರ ನಡುವೆ ಸೇತುವೆಯಾಗುವುದು ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸುವ ಮನುಷ್ಯ. ಆದ್ದರಿಂದ ಹಾಡುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟು ನೋಡಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಿಪ್ಪತ್ತು ವೋಲ್ಟ್ ತೋರಿಸಿದರೂ ಯಾರೂ ಮೈಕಿನ ಹತ್ತಿರ ಹೋಗಕೂಡದು. ಮೈಕಿಗೆ ಸ್ಪಂಜಿನ ಟೋಪಿ ಹಾಕಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ.

ಪರಿಹಾರ ಕಷ್ಟದ್ದಲ್ಲ. ಸೌಂಡಿನ ಎಲ್ಲ ಸಾಮಾನೂ ಒಂದೇ ಪಾಯಿಂಟಿನಿಂದ, ಒಂದೇ ಫೇಸಿನಿಂದ, ಒಂದೇ ಅರ್ಥಿನಿಂದ ಹರಡಲಿ. ಹೊರೆ ತಡೆಯುತ್ತದೆಯೇ ಎಂಬ ಅನುಮಾನಕ್ಕೆ ಲೆಕ್ಕ ಇಲ್ಲಿದೆ. ಎರಡು ಗಿಟಾರ್ ಆಂಪಿಗೆ 200 ವ್ಯಾಟ್, ಬೇಸ್ ಆಂಪಿಗೆ 300, ಎರಡು ಸ್ಪೀಕರು ಸರಾಸರಿ 300, ಮಿಕ್ಸರು, ಕೀಬೋರ್ಡು, ಪೆಡಲ್, ಲ್ಯಾಪ್‌ಟಾಪ್ ಸೇರಿ 200. ಒಟ್ಟು 1000 ವ್ಯಾಟ್. 230 ವೋಲ್ಟಿನಲ್ಲಿ ಅದು ನಾಲ್ಕೂವರೆ ಆಂಪಿಯರಿಗಿಂತ ಕಡಿಮೆ. 16 ಆಂಪಿಯರಿನ ದೊಡ್ಡ ಪಾಯಿಂಟ್ ಒಂದು ಸಾಕು. ಲೈಟಿನವರು ಬೇರೆ ಫೇಸಿಗೆ ಹೋಗಲಿ. ಹಳೆಯ ಕಾಲದ 1000 ವ್ಯಾಟಿನ ನಾಲ್ಕು ದೀಪ ಹಾಕಿದರೆ ಅವೇ 17 ಆಂಪಿಯರ್ ಎಳೆಯುತ್ತವೆ. ದೀಪದ ಬೆಳಕು ಏರಿಸಿ ಇಳಿಸುವ ಡಿಮ್ಮರಿನ ಝೇಂಕಾರ ಗಿಟಾರಿನ ಪಿಕಪ್‌ಗೆ ನೇರವಾಗಿ ಇಳಿಯುತ್ತದೆ.

ವೈರು ಎಷ್ಟು ದಪ್ಪ ಇರಬೇಕು? ಪಾಯಿಂಟಿನಿಂದ ವೇದಿಕೆಗೆ 50 ಮೀಟರ್ ಇದೆ ಅನ್ನಿ. 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಹೋಗಿಬರುವ 100 ಮೀಟರಿಗೆ ಮುಕ್ಕಾಲು ಓಮಿನಷ್ಟು ತಡೆ ಇರುತ್ತದೆ. 10 ಆಂಪಿಯರ್ ಎಳೆದಾಗ ಏಳೂವರೆ ವೋಲ್ಟ್ ಇಳಿಯುತ್ತದೆ, ತೊಂದರೆಯಿಲ್ಲ. 1 ಚದರ ಮಿ.ಮೀ. ವೈರಾದರೆ 18 ವೋಲ್ಟ್ ಇಳಿಯುತ್ತದೆ. ಸಂಜೆ ಹೊತ್ತು ಮೊದಲೇ 210ಕ್ಕೆ ಕುಸಿದ ಕಡೆ ಇದು 192 ಆಯಿತು. ಕಿಕ್ ಡ್ರಮ್ಮಿನ ಪ್ರತಿ ಹೊಡೆತಕ್ಕೂ ಮಿಕ್ಸರಿನ ದೀಪ ಮಿಣುಕಿದರೆ ಕಾರಣ ಇದೇ. ಇನ್ನೊಂದು ಮಾತು, ಸುರುಳಿಯಲ್ಲಿ ಉಳಿದ ವೈರನ್ನು ಪೂರ್ತಿ ಬಿಚ್ಚಿ ನೆಲಕ್ಕೆ ಹಾಸಿ. ಸುತ್ತಿದಂತೆಯೇ ಬಿಟ್ಟರೆ ಶಾಖ ಹೊರಹೋಗಲು ದಾರಿಯಿಲ್ಲದೆ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ.

ಶಾಮಿಯಾನದ ಕೆಳಗಿನ ಮೂರು ಫೇಸಿನ ಬೋರ್ಡು, ಜನರೇಟರ್, ಇವೆರಡರಲ್ಲೂ ಹೆದರಬೇಕಾದದ್ದು ನ್ಯೂಟ್ರಲ್ಲಿಗೆ. ಎರಡು ಫೇಸುಗಳ ನಡುವೆ 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ಲಿನ ಸ್ಕ್ರೂ ಸಡಿಲವಾದರೆ ಕಡಿಮೆ ಹೊರೆಯ ಫೇಸು ಆ ಕಡೆಗೆ ಏರುತ್ತದೆ. ದೀಪದವರು ನಾಲ್ಕು ಸಾವಿರ ವ್ಯಾಟ್ ಎಳೆಯುತ್ತಿರುವಾಗ ಕಡಿಮೆ ಹೊರೆ ಇರುವುದು ನಿಮ್ಮ ಫೇಸಿನಲ್ಲಿ. ಪೆಡಲ್ಲಿನ ಅಡಾಪ್ಟರುಗಳು ಮೊದಲು ಸುಟ್ಟುಹೋಗುತ್ತವೆ, ಆಮೇಲೆ ಕೀಬೋರ್ಡು. ಪತ್ತೆ ಮಾಡುವ ಕ್ರಮ ಹೀಗಿದೆ. ನಿಮ್ಮ ಸಾಮಾನು ಒಂದನ್ನೂ ಸಿಕ್ಕಿಸದೆ ಫೇಸ್–ನ್ಯೂಟ್ರಲ್ ಅಳೆಯಿರಿ: 207ರಿಂದ 253ರೊಳಗೆ ಇರಬೇಕು. ಫೇಸ್–ಅರ್ಥ್ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಮೀರಬಾರದು. ಆಮೇಲೆ ಲೈಟಿನವರಿಗೆ ಎಲ್ಲ ದೀಪ ಹಾಕಲು ಹೇಳಿ, ಮತ್ತೆ ನೋಡಿ. ನಿಮ್ಮ ಫೇಸಿನ ವೋಲ್ಟೇಜ್ ಇಳಿದರೆ ಅಥವಾ ಹಾಗೇ ಇದ್ದರೆ ಭಯವಿಲ್ಲ. ಏರಿದರೆ ನ್ಯೂಟ್ರಲ್ ಕೈಕೊಡುತ್ತಿದೆ ಎಂದೇ ಅರ್ಥ. ಎಲೆಕ್ಟ್ರೀಷಿಯನ್ ಬಂದು ಬಿಗಿ ಮಾಡುವ ತನಕ ಒಂದು ಪ್ಲಗ್ಗೂ ಒಳಗೆ ಹೋಗಬಾರದು. ಈ ಅಳತೆ ಅಭ್ಯಾಸವಿಲ್ಲದವರು ಬೋರ್ಡಿಗೆ ಕೈ ಹಾಕಬೇಡಿ. ಅಲ್ಲಿನ ಎಲೆಕ್ಟ್ರೀಷಿಯನ್ನರಿಂದಲೇ ಅಳೆಯಿಸಿ, ನೀವು ಬರೆದುಕೊಳ್ಳಿ. ನಿಮ್ಮದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಕೂರಿಸಿಕೊಂಡಿದ್ದರೆ ಮೈಯೊಳಗೆ ಸೋರುವ ಕರೆಂಟು ಕ್ಷಣದಲ್ಲಿ ಕಡಿತವಾಗುತ್ತದೆ.

ಗುಂಯ್ ಎಂಬ ಸದ್ದು ಬಂದಾಗ ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿಯುವ ಚಾಳಿ ನಮ್ಮಲ್ಲಿ ಬಹಳ ಕಡೆ ಇದೆ. ಸದ್ದು ಹೋಗುತ್ತದೆ, ರಕ್ಷಣೆಯೂ ಹೋಗುತ್ತದೆ. ಕೀಬೋರ್ಡಿನಿಂದ, ಬೇಸಿನಿಂದ ಮಿಕ್ಸರಿಗೆ ಹೋಗುವ ದಾರಿಯಲ್ಲಿ ಡಿಐ ಬಾಕ್ಸ್ (ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ) ಇಟ್ಟು ಅದರ ‘ಲಿಫ್ಟ್’ ಗುಂಡಿ ಒತ್ತಿ. ಸಂಕೇತದ ಅರ್ಥ್ ಮಾತ್ರ ಬೇರೆಯಾಗುತ್ತದೆ, ಜೀವ ಕಾಯುವ ಅರ್ಥ್ ಉಳಿಯುತ್ತದೆ. ಪೆಡಲ್‌ಗಳು ಬಹುತೇಕ 9 ವೋಲ್ಟ್ ಡಿಸಿ, ಒಳಗಿನ ಪಿನ್ ಮೈನಸ್. ಮಾರುಕಟ್ಟೆಯ ಸಾಮಾನ್ಯ ಅಡಾಪ್ಟರಿನಲ್ಲಿ ಒಳಗಿನದು ಪ್ಲಸ್ ಇರುತ್ತದೆ. ಅವಸರದಲ್ಲಿ ಸಿಕ್ಕಿಸಿದರೆ ಪೆಡಲ್ ಸತ್ತಂತೆ. ಅಡಾಪ್ಟರಿನ ಮೇಲೆ ಬಣ್ಣದ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಗಿಟಾರಿನ ಕೇಬಲ್ಲನ್ನು ಆಂಪಿನಿಂದ ಸ್ಪೀಕರ್ ಪೆಟ್ಟಿಗೆಗೆ ಹಾಕಬೇಡಿ: ಜ್ಯಾಕ್ ನೋಡಲು ಒಂದೇ, ಒಳಗಿನ ತಂತಿ ಕೂದಲಿನಷ್ಟು ತೆಳು.

ದುರ್ಗದ ಗಾಳಿಯ ವಿಷಯಕ್ಕೆ ಬರೋಣ. ಊರಿನ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವಾಗ ತೆರೆದ ಮೈದಾನದಲ್ಲಿ ಕಾರ್ಯಕ್ರಮ ಇಟ್ಟರೆ ವೇದಿಕೆಯ ದಿಕ್ಕೇ ಅರ್ಧ ಸೌಂಡನ್ನು ತೀರ್ಮಾನಿಸುತ್ತದೆ. ಗಾಳಿ ಹೋಗುವ ಕಡೆಗೆ ಶಬ್ದದ ಅಲೆ ನೆಲದತ್ತ ಬಾಗುತ್ತದೆ, ಎದುರು ಗಾಳಿಯಲ್ಲಿ ಆಕಾಶದತ್ತ ಬಾಗಿ ಹಿಂದಿನ ಸಾಲಿನವರ ತಲೆಯ ಮೇಲೆ ಹಾದುಹೋಗುತ್ತದೆ. ಆದ್ದರಿಂದ ವೇದಿಕೆ ಪಶ್ಚಿಮದಲ್ಲಿ, ಪೂರ್ವಕ್ಕೆ ಮುಖಮಾಡಿ ಇರಬೇಕು. ಇದರಲ್ಲಿ ಒಂದು ತೊಡಕು: ಮುಳುಗುವ ಸೂರ್ಯ ಪ್ರೇಕ್ಷಕರ ಕಣ್ಣಿಗೇ ಹೊಡೆಯುತ್ತಾನೆ. ಹಾಗಾಗಿ ಆ ತಿಂಗಳುಗಳಲ್ಲಿ 7ಕ್ಕಿಂತ ಮೊದಲು ಶುರು ಮಾಡಬೇಡಿ. ಸ್ಪೀಕರ್ ಸ್ಟ್ಯಾಂಡಿನ ಪ್ರತಿ ಕಾಲಿಗೂ 10 ಕೆ.ಜಿ. ಮರಳಿನ ಚೀಲ, ಸಿಂಬಲ್ ಸ್ಟ್ಯಾಂಡಿಗೆ 5. ಖಾಲಿ ಚೀಲ ಮಾತ್ರ ಒಯ್ಯಿರಿ, ಮರಳು ಅಲ್ಲಿಯೇ ಸಿಗುತ್ತದೆ. ಬ್ಯಾಂಡಿನ ಹೆಸರಿನ ಫ್ಲೆಕ್ಸ್ ಗಾಳಿಗೆ ಹಾಯಿಪಟದಂತೆ ಉಬ್ಬಿ ಇಡೀ ಚೌಕಟ್ಟನ್ನು ಎಳೆಯುತ್ತದೆ. ಅದನ್ನು ಸೀಳಿ ರಂಧ್ರ ಮಾಡುವುದಕ್ಕಿಂತ ಕಟ್ಟದಿರುವುದೇ ಮೇಲು.

ಬಂಡೆಗಳ ಊರಾದ್ದರಿಂದ ಪ್ರತಿಧ್ವನಿಯನ್ನೂ ನೋಡಬೇಕು. ಎದುರು 50 ಮೀಟರ್ ದೂರದಲ್ಲಿ ಬಂಡೆಯ ಗೋಡೆ ಇದ್ದರೆ ಶಬ್ದ ಹೋಗಿಬರಲು 100 ಮೀಟರ್. ಸೆಕೆಂಡಿಗೆ 345 ಮೀಟರಿನಂತೆ ಅದು 0.29 ಸೆಕೆಂಡ್. ನಿಮಿಷಕ್ಕೆ 104 ತಾಳದ ಹಾಡಿನಲ್ಲಿ ಅರ್ಧ ತಾಳಕ್ಕೆ ಸರಿಯಾಗಿ ಬಂದು ಬೀಳುತ್ತದೆ, ಸಹಿಸಬಹುದು. 120ರ ಹಾಡಿನಲ್ಲಿ ಅರ್ಧ ತಾಳ 0.25 ಸೆಕೆಂಡ್, ಪ್ರತಿಧ್ವನಿ ಸ್ವಲ್ಪ ತಡವಾಗಿ ಬಂದು ಡ್ರಮ್ಸ್ ನುಡಿಸುವವರನ್ನು ಹಿಂದಕ್ಕೆ ಜಗ್ಗುತ್ತದೆ. ಆಟದ ಪ್ರವಾಸದಲ್ಲಿ ವೇದಿಕೆ ಬರುವ ಜಾಗದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಫೋನಿನಲ್ಲಿ ಮುದ್ರಿಸಿಕೊಳ್ಳಿ. ಎರಡು ಸದ್ದುಗಳ ನಡುವಿನ ಅಂತರ ತೆರೆಯ ಮೇಲೆ ಕಾಣುತ್ತದೆ. ಕೋಟೆಯೊಳಗೆ ಮಾತ್ರ ಬೇಡ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ.

ಶ್ರುತಿಯ ವಿಚಾರ. ಹೊಸ ತಂತಿಯನ್ನು ಹೊರಡುವ ಬೆಳಗ್ಗೆ ಹಾಕಬೇಡಿ, ಹಿಂದಿನ ದಿನ ಹಾಕಿ. ಪ್ರತಿ ತಂತಿಯನ್ನೂ ಬೆರಳಿನಿಂದ ಮೆಲ್ಲಗೆ ಎಳೆದು, ಶ್ರುತಿ ಮಾಡಿ, ಮತ್ತೆ ಎಳೆಯಿರಿ. ಶ್ರುತಿ ಇಳಿಯುವುದು ನಿಲ್ಲುವ ತನಕ ಐದಾರು ಸಲ ಬೇಕಾದೀತು. ಇಳಿಯುವುದು ತಂತಿ ಹಿಗ್ಗಿದ್ದರಿಂದ ಮಾತ್ರವಲ್ಲ, ಗೂಟದ ಸುತ್ತ ಸಡಿಲವಾಗಿ ಸುತ್ತಿದ್ದು ಬಿಗಿಯಾಗುತ್ತಿರುವುದರಿಂದಲೂ. ಬಿಸಿಯಾದ ಉಕ್ಕು ಹಿಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಎಸಿ ಗಾಡಿಯಿಂದ ಇಳಿಸಿದ ಗಿಟಾರನ್ನು ಕೂಡಲೇ ಶ್ರುತಿ ಮಾಡಿದರೆ ದೀಪದ ಕೆಳಗೆ ಹತ್ತು ನಿಮಿಷದಲ್ಲಿ ಅದು ಸುಳ್ಳಾಗುತ್ತದೆ. ಕೇಸು ಮುಚ್ಚಿದಂತೆಯೇ 20 ನಿಮಿಷ, ತೆರೆದು ವೇದಿಕೆಯ ಮೇಲೆ 15 ನಿಮಿಷ, ಆಮೇಲೆ ಶ್ರುತಿ. ಹಿರಿಯೂರಿನ ಕಡೆ ಬೇಸಿಗೆ ಒಣ ಹವೆ. ಮರ ಕುಗ್ಗಿ ಫ್ರೆಟ್ಟುಗಳ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ) ತುದಿ ಅಂಗೈಗೆ ಚುಚ್ಚುವಂತೆ ಹೊರಬಂದರೆ ಕೇಸಿನೊಳಗೆ ತೇವದ ಸ್ಪಂಜನ್ನು ತೂತಿನ ಸೋಪು ಡಬ್ಬಿಯಲ್ಲಿಟ್ಟು ಮುಚ್ಚಿ. ಒದ್ದೆ ಸ್ಪಂಜು ಮರಕ್ಕೆ ತಾಗಬಾರದು.

ಸೌಂಡ್ ಚೆಕ್ಕಿನಲ್ಲಿ ಎಲ್ಲರೂ ಕಿಕ್ ಡ್ರಮ್ಮಿನಿಂದ ಶುರು ಮಾಡುತ್ತಾರೆ. ಇನ್ನೂರು ಜನರ ಜಾಗಕ್ಕೆ, ಎರಡೇ ಸ್ಪೀಕರಿಗೆ, ನಾವು ಹೇಳುವುದು ಹಾಡುವ ದನಿಯಿಂದ ಶುರು ಮಾಡಿ ಎಂದು. ಸ್ಪೀಕರು ಕೂಗುವ ಮುನ್ನ ದನಿಯನ್ನು ಎಷ್ಟು ಏರಿಸಬಹುದೋ ಅದೇ ಆ ದಿನದ ಮಿತಿ. ಮಿಕ್ಕ ವಾದ್ಯಗಳು ಅದರ ಕೆಳಗೆ ನಿಲ್ಲಬೇಕು. ಮೈಕಿನ ಬೆನ್ನು ಮಾನಿಟರ್ ಸ್ಪೀಕರಿನ (ವೇದಿಕೆಯ ಮೇಲಿನವರಿಗೇ ಕೇಳಿಸಲು ಇಡುವ ಸ್ಪೀಕರಿನ) ಕಡೆಗೆ ಇರಲಿ, ಸಾಮಾನ್ಯ ಹಾಡುವ ಮೈಕು ಕಿವುಡಾಗಿರುವುದು ಅದೇ ಕಡೆಗೆ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಾಡಿದರೆ ಆ ಕಿವುಡು ಹೋಗಿ ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳುತ್ತದೆ, ಕೂಗುತ್ತದೆ. ಹಾಡುಗಳ ಪಟ್ಟಿಯನ್ನು ಶ್ರುತಿಯ ಪ್ರಕಾರ ಜೋಡಿಸಿ: ದಪ್ಪ ತಂತಿಯನ್ನು ಇಳಿಸಿ ನುಡಿಸುವವು ಒಟ್ಟಿಗೆ ಬರಲಿ. 45 ನಿಮಿಷಕ್ಕೆ ಒಂಬತ್ತು ಹಾಡು ಸಾಕು. ಮೂರನೆಯ ದಿನಕ್ಕೆ ಗಂಟಲು ಸೋತಿರುತ್ತದೆ; ಎತ್ತರದ ಎರಡು ಹಾಡುಗಳನ್ನು ಅರ್ಧ ಸ್ವರ ಇಳಿಸಿ ಮೊದಲೇ ಅಭ್ಯಾಸ ಮಾಡಿಟ್ಟುಕೊಳ್ಳಿ.

ಪರವಾನಗಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಿರಬಹುದು. ಕಾಲೇಜಿನ ಮೈದಾನ ಸಿಕ್ಕಿತೆಂದು ಹಿಗ್ಗುವ ಮೊದಲು ಇದನ್ನು ಕೇಳಿಕೊಳ್ಳಿ. ಬೇರೆಯವರ ಹಾಡು ನುಡಿಸುವುದಾದರೆ ಐಪಿಆರ್‌ಎಸ್ (ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ಹಕ್ಕಿನ ಹಣ ಸಂಗ್ರಹಿಸುವ ಸಂಸ್ಥೆ) ಪರವಾನಗಿಯನ್ನು ಯಾರು ಪಡೆಯುತ್ತಾರೆ ಎಂದು ಸಂಘಟಕರೊಂದಿಗೆ ಬರಹದಲ್ಲಿ ಗೊತ್ತುಮಾಡಿಕೊಳ್ಳಿ. ಕಿವಿಯನ್ನೂ ಕಾಪಾಡಿಕೊಳ್ಳಿ. 85 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ ತಡೆಯುವ ಕಿವಿ, ಪ್ರತಿ 3 ಡೆಸಿಬೆಲ್ ಏರಿದಾಗಲೂ ಅರ್ಧ ಹೊತ್ತು ಮಾತ್ರ ತಡೆಯುತ್ತದೆ ಎಂಬ ಲೆಕ್ಕದಲ್ಲಿ 100ಕ್ಕೆ ಕಾಲು ಗಂಟೆ. ಡ್ರಮ್ಸ್ ಪಕ್ಕ ನಿಲ್ಲುವವರಿಗೆ ಇಯರ್‌ಪ್ಲಗ್ ಬೇಕೇ ಬೇಕು.

ಈಗ ಆಟದ ಪ್ರವಾಸಕ್ಕೆ ವಾಪಸ್ ಬರೋಣ. ರಟ್ಟಿನ ಪೆಟ್ಟಿಗೆಗಳಿಗೆ 1ರಿಂದ 23ರವರೆಗೆ ದೊಡ್ಡದಾಗಿ ನಂಬರ್ ಬರೆಯಿರಿ. ಆಂಪಿನ ಪೆಟ್ಟಿಗೆಗೆ ನೀರಿನ ಬಾಟಲಿ ತುಂಬಿ ನಿಜವಾದ ತೂಕ ಬರಿಸಿ. ಮನೆಯ ಮುಂದೆ ತುಂಬಿ, ಗಡಿಯಾರ ಹಿಡಿಯಿರಿ. ಮೊದಲ ಸಲ 45 ನಿಮಿಷ ಆಗುತ್ತದೆ. ನಾಲ್ಕನೆಯ ಸಲಕ್ಕೆ 20ಕ್ಕೆ ಬರಬೇಕು. ಗಾಡಿಯೊಳಗೆ ಇಬ್ಬರೇ ಇರಲಿ, ಹೊರಗಿನವರು ಎತ್ತಿ ಕೊಡಲಿ. ಐವರೂ ಒಳಗೆ ಹತ್ತಿದರೆ ಸಾಮಾನಿಗೆ ಜಾಗವಿಲ್ಲ. ಮೈದಾನ ತಲುಪಿದ ಮೇಲೆ 16 ಅಡಿಗೆ 12 ಅಡಿ ಚೌಕವನ್ನು ನೆಲದ ಮೇಲೆ ಟೇಪಿನಲ್ಲಿ ಗುರುತಿಸಿ, ಪೆಟ್ಟಿಗೆಗಳನ್ನು ವಾದ್ಯದ ಜಾಗದಲ್ಲಿಟ್ಟು, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲಿ. ಬೇಸ್ ನುಡಿಸುವವರಿಗೆ ಕಿಕ್ ಡ್ರಮ್ಮಿನ ಕಾಲು ಕಾಣುತ್ತದೆಯೇ? ಗಿಟಾರಿನ ಕತ್ತು ಕ್ರ್ಯಾಶ್ ಸಿಂಬಲ್ಲಿಗೆ ಬಡಿಯುತ್ತದೆಯೇ? ಆಂಪಿನಿಂದ ಪೆಡಲ್ಲಿಗೆ 6 ಮೀಟರ್ ಕೇಬಲ್ ಮುಟ್ಟುತ್ತದೆಯೇ? ಒಂಬತ್ತು ಹಾಡನ್ನೂ ಬಾಯಲ್ಲೇ, ಗಾಳಿಯಲ್ಲೇ ನುಡಿಸಿ ಮುಗಿಸಿ, ನಡುವೆ ಗಿಟಾರ್ ಬದಲಿಸುವ ಹೊತ್ತನ್ನೂ ಸೇರಿಸಿ. ದಾರಿಹೋಕರು ನಿಂತು ನೋಡುತ್ತಾರೆ, ನೋಡಲಿ. ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು: ಗಾಡಿ ನಿಲ್ಲುವ ಜಾಗದಿಂದ ವೇದಿಕೆಗೆ ಎಷ್ಟು ಮೀಟರ್, ಮೆಟ್ಟಿಲೆಷ್ಟು, ಬಾಗಿಲಿನ ಅಗಲ, ಪ್ಲಗ್ ಪಾಯಿಂಟ್ ಎಲ್ಲಿ, ಎಷ್ಟು ವೋಲ್ಟ್ (ಮಧ್ಯಾಹ್ನ ಒಮ್ಮೆ, ಸಂಜೆ 7ಕ್ಕೆ ಒಮ್ಮೆ), ಎಂಸಿಬಿ (ಕರೆಂಟಿನ ಸ್ವಿಚ್ಚುಗಳಿರುವ) ಕೋಣೆಯ ಬೀಗದ ಕೈ ಯಾರ ಬಳಿ, ಅವರು ರಾತ್ರಿ ಎಷ್ಟು ಹೊತ್ತಿನವರೆಗೆ ಇರುತ್ತಾರೆ.

ಮರಳಿ ಬಂದ ರಾತ್ರಿ ಎಷ್ಟೇ ದಣಿದಿದ್ದರೂ 23ನ್ನೂ ಎಣಿಸಿಯೇ ಗಾಡಿ ಬಿಡಬೇಕು. ನಿಜದ ಪ್ರವಾಸದಲ್ಲಾದರೆ ಮರುದಿನ ಬೆಳಗ್ಗೆ ಗಿಟಾರ್ ಕೇಸುಗಳನ್ನು ನೆರಳಲ್ಲಿ ತೆರೆದಿಟ್ಟು ಬೆವರಿನ ತೇವ ಆರಿಸಿ, ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ, ಎಲ್ಲ ಕೇಬಲ್ಲುಗಳನ್ನೂ ಮೀಟರಿನಲ್ಲಿ ಒಂದೊಂದಾಗಿ ನೋಡಿ. ಕಡಿದ ಕೇಬಲ್ಲಿಗೆ ಕೆಂಪು ಟೇಪು ಸುತ್ತಿ ಬೇರೆ ಚೀಲಕ್ಕೆ ಹಾಕಿ. ಅದು ಮತ್ತೆ ಒಳ್ಳೆಯ ಕೇಬಲ್ಲುಗಳ ಪೆಟ್ಟಿಗೆಗೆ ಹೋಗಬಾರದು.